ತಡವಾದ ಆಮೆನ್

ಕುತಾಯಿಸಿಯಲ್ಲಿ ನಸುಕಿನ ನಾಲ್ಕಕ್ಕೇ ನನ್ನ ತೋನೆ ಎದ್ದಿರುತ್ತದೆ.
ಒಲೆಯೆಂದರೆ ಅದು ಬೆಂಕಿ ತುಂಬಿದ ಮಣ್ಣಿನ ಬಾವಿ;
ಸೊಂಟದವರೆಗೆ ಬಗ್ಗಿ ಒಳಗೋಡೆಗೆ ಹಿಟ್ಟು ಬಡಿಯಬೇಕು.
ಹುಬ್ಬು ಸುಟ್ಟುಕೊಂಡು ಇಪ್ಪತ್ತೆರಡು ವರ್ಷವಾಯಿತು.
ಅಂಟಿದ ಹಿಟ್ಟು ಬೀಳುವುದಿಲ್ಲ:
ಆಗ ನನಗಿದ್ದ ನಂಬಿಕೆ ಇಷ್ಟೇ.

ತೇಕ್ಲೆ ಹುಟ್ಟಿದ ದಿನ
ದಾದಿ ಕಿಟಕಿಯ ಕಡೆ ನೋಡುತ್ತ ಮಾತಾಡಿದಳು.
ಡಾಕ್ಟರು ಮಗುವಿನ ಮುಷ್ಟಿ ಬಿಡಿಸಿ ತೋರಿಸಿದರು,
ಅಂಗೈಯಲ್ಲಿ ಅಡ್ಡಕ್ಕೆ ಒಂದೇ ಗೆರೆ.
ನಿಲ್ಲದ ಕತ್ತು, ಓರೆಗಣ್ಣು, ಎದೆಯೊಳಗೊಂದು ತೂತು.
ಡೌನ್ ಸಿಂಡ್ರೋಮ್, ಅಂದರು.
ನಾನು ಕೇಳಿದ್ದನ್ನು ಹೇಳಲು ಇವತ್ತಿಗೂ ನಾಚಿಕೆ:
'ಯಾವಾಗ ವಾಸಿಯಾಗುತ್ತದೆ?'

ಪಕ್ಕದ ಮನೆಯ ಲಮಾರಾ ಉಪ್ಪಿನ ನೆಪದಲ್ಲಿ ಬಂದು
'ಯಾರ ಪಾಪವೋ' ಎಂದು ನಿಟ್ಟುಸಿರಿಟ್ಟು ಹೋದಳು.
ಉಪ್ಪು ಒಯ್ಯುವುದನ್ನು ಮರೆತಳು.

ಆಮೇಲೆ ದೇವರ ಜತೆ ವ್ಯಾಪಾರಕ್ಕಿಳಿದೆ.
ನಲವತ್ತು ಮೇಣದಬತ್ತಿ, ನಲವತ್ತು ಉಪವಾಸ,
ಬದಲಿಗೆ ಎಲ್ಲರ ಮನೆಯಲ್ಲಿರುವಂಥ ಒಂದು ಮಗು.
ತೂಕದಲ್ಲಿ ಮೋಸವಿಲ್ಲ, ಬೇಕಿದ್ದರೆ ನೋಡಿಕೋ, ಎಂದೆ.
ಆತ ತಕ್ಕಡಿ ಮುಟ್ಟಲೇ ಇಲ್ಲ.

ತಿಬಿಲಿಸಿಯಲ್ಲಿ ಅವಳ ಎದೆ ತೆರೆದ ದಿನ
ಎತೇರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು
ಒಂದು ಕಾಲುಚೀಲ ಹೆಣೆದಳು, ಕೆಂಪು ಉಣ್ಣೆಯದು.
ಎರಡನೆಯದಕ್ಕೆ ಕೈಹಾಕಲಿಲ್ಲ.
'ಜೋಡಿ ಮಾಡಿದರೆ ಒತ್ತಾಯ ಮಾಡಿದಂತಾಗುತ್ತದೆ' ಅಂದಳು.
ಮಗು ಬದುಕಿತು. ಜೋಡಿ ಆಗಲೇ ಇಲ್ಲ.
ಮೂರು ದಾಟಿದ ಮೇಲೆ ತೇಕ್ಲೆ ಮೊದಲ ಹೆಜ್ಜೆಯಿಟ್ಟದ್ದು
ಒಂದು ಕಾಲು ಕೆಂಪು, ಒಂದು ಕಾಲು ಬರಿದು.

ಈಗವಳಿಗೆ ಐದು.
ಚರ್ಚಿನ ಮರಳತಟ್ಟೆಯಲ್ಲಿ
ಊರಿನವರು ತಮ್ಮ ಸತ್ತವರಿಗೆ ಹಚ್ಚಿಟ್ಟ ಬತ್ತಿಗಳನ್ನು
ಕೆನ್ನೆಯುಬ್ಬಿಸಿ ಒಂದೊಂದಾಗಿ ಆರಿಸುತ್ತಾಳೆ,
ಆರಿಸಿ ಚಪ್ಪಾಳೆ ತಟ್ಟುತ್ತಾಳೆ.
ಮುದುಕಿಯರು ಹಲ್ಲು ಕಡಿಯುತ್ತಾರೆ.
ವಿಧವೆ ದೋಮ್ನಾ ಮಾತ್ರ ನಕ್ಕಳು:
'ಬಿಡು, ನನ್ನ ಗಂಡನಿಗೆ
ದೀಪವಿದ್ದರೆ ನಿದ್ದೆ ಹತ್ತುತ್ತಿರಲಿಲ್ಲ.'

ಇನ್ನು ಆ ಆಮೆನ್.
ಎಲ್ಲರೂ ಹೇಳಿ ಮುಗಿಸಿ,
ಪಾದ್ರಿ ಬೆಸಾರಿಯೋನ್ ಹಾಳೆ ತಿರುವಿ,
ಹಾಡುವವರು ಗಂಟಲು ಸರಿಮಾಡಿಕೊಂಡು,
ಆ ಮೌನದ ನಡುವೆ ನೆಲದಿಂದೆದ್ದು ಬರುತ್ತದೆ
ದಪ್ಪ ನಾಲಗೆ ತಡವರಿಸಿ ತಡವರಿಸಿ ಕಟ್ಟಿದ
ಆ... ಮೆ... ನ್.
ಮೊದಮೊದಲು ಅಂಗೈಯಿಂದ ಬಾಯಿ ಮುಚ್ಚುತ್ತಿದ್ದೆ.
ಅವಳು ನನ್ನ ಬೆರಳ ಸಂದಿಯ ಹಿಟ್ಟು ನೆಕ್ಕುತ್ತಿದ್ದಳು.
ಒಂದು ಭಾನುವಾರ ಕೈ ಎತ್ತಲು ಮರೆತೆ.
ಕೇಳಿದೆ.
ಬಾಯಿಪಾಠದ ವೇಗದಲ್ಲಿ ನಾವೆಲ್ಲ ಓಡಿ ದಾಟಿದ ಮಾತನ್ನು
ಹಿಂದೆ ಉಳಿದವಳೊಬ್ಬಳು
ಎರಡು ಕೈಯಲ್ಲೂ ಎತ್ತಿಕೊಂಡು ಬರುತ್ತಿದ್ದಳು.

ಪಾದ್ರಿ ಕೆಲವೊಮ್ಮೆ ಕಾಯುತ್ತಾರೆ.
ಮಂಡಿನೋವಿನ ದಿನ ಕಾಯುವುದಿಲ್ಲ.
ಅವಳಿಗೆ ಎರಡೂ ಒಂದೇ.

ಅಂಟಿದ ಹಿಟ್ಟು ಬೀಳುವುದಿಲ್ಲ ಎಂದೆನಲ್ಲ, ಸುಳ್ಳು.
ದಿನಕ್ಕೆ ಎರಡೋ ಮೂರೋ ಕೆಂಡಕ್ಕೆ ಬೀಳುತ್ತವೆ.
ನಾನೂ ಬಿದ್ದಿದ್ದೇನೆ, ಅದೆಷ್ಟು ಸಲವೋ.
ಕೊಕ್ಕೆ ಹಾಕಿ ಎತ್ತಿ ಬೂದಿ ಕೊಡವಿದರೆ
ತೇಕ್ಲೆ ಮೊದಲು ಕೈ ಚಾಚುವುದು ಅದಕ್ಕೇ.
ಅರ್ಧ ತಾನು ತಿಂದು, ಉಳಿದರ್ಧ
ಬೇಲಿ ಸಂದಿಯಿಂದ ಲಮಾರಾಳಿಗೆ ಕೊಟ್ಟು ಬರುತ್ತಾಳೆ.
ಲಮಾರಾ ತಿನ್ನುತ್ತಾಳೆ. ಏನೂ ಅನ್ನುವುದಿಲ್ಲ.

ನಾವು ಹೋದ ಮೇಲೆ ಇವಳಿಗೆ ಯಾರು?
ರಾತ್ರಿ ಎತೇರಿ ಗೋಡೆಯ ಕಡೆ ತಿರುಗಿ ಮಲಗುವುದು
ಈ ಪ್ರಶ್ನೆಯನ್ನು ನನಗೆ ಕಾಣಿಸದೆ ಕೇಳಲು.
ಉತ್ತರ ನನ್ನಲ್ಲಿಲ್ಲ. ಕೊಟ್ಟೆನೆಂದು ಯಾರೂ ಹೇಳಿಲ್ಲ.
ಎದ್ದು ಒಲೆ ಹೊತ್ತಿಸಿ, ಶಿಲುಬೆಯ ಗುರುತು ಹಾಕಿ,
ಗೊತ್ತಿರುವ ಪ್ರಾರ್ಥನೆಯನ್ನು ಕೊನೆಯವರೆಗೆ ಹೇಳುತ್ತೇನೆ.
ಹೇಳಿ ತಕ್ಷಣ ಏಳುವುದಿಲ್ಲ ಈಗ.
ಒಳಮನೆಯಲ್ಲಿ ಹಾಸಿಗೆ ಮಗ್ಗುಲಾದ ಸದ್ದು.
ಇನ್ನೂ ಒಂದು ಬರಬೇಕಿದೆ.