ಕಡಲ ಕಡೆಯ ಕಿಟಕಿ

ನಮ್ಮದು ಪೂಲಿ. ಈ ತೈವಾನ್ ದ್ವೀಪದಲ್ಲಿ
ಕಡಲು ಮುಟ್ಟದ ಜಿಲ್ಲೆ ನಮ್ಮದೊಂದೇ.
ಅದಕ್ಕೇ ರಜೆ ಎಂದರೆ ಸಾಕು, ಮಕ್ಕಳ ಬೆರಳು
ತಾನಾಗಿ ನಕ್ಷೆಯ ನೀಲಿಗೆ ಜಾರುತ್ತದೆ.

ಊಟದ ಮೇಜು ಒರೆಸಿ ನಕ್ಷೆ ಹಾಸಿದ್ದೇವೆ.
ಸುರುಳಿ ಸುತ್ತದಂತೆ ಮೂಲೆಗೊಂದು ಭಾರ:
ಸೋಯಾ ಶೀಶೆ, ಕನ್ನಡಕದ ಡಬ್ಬಿ, ಒಂದು ಸೀಬೆಹಣ್ಣು,
ನಾಲ್ಕನೆಯದು ಅತ್ತೆಯ ಮೊಣಕೈ.
ಕಲ್ಲಂಗಡಿ ಬೀಜ ಹಲ್ಲಲ್ಲಿ ಒಡೆಯುತ್ತ ಕೂತಿದ್ದಾರೆ,
ನೋಡಿಯೂ ನೋಡದವರಂತೆ.

ಕಾವ್‌ಶಿಯುಂಗ್. ಮೂರು ರಾತ್ರಿ, ನಾಲ್ಕು ಹಗಲು.
ತೈಚುಂಗಿನವರೆಗೆ ಬಸ್ಸು, ಅಲ್ಲಿಂದ ವೇಗದ ರೈಲು.
ಅಜ್ಜಿಗೆ ಅರ್ಧ, ಕಿರಿಯವನಿಗೆ ಅರ್ಧ,
ಐದು ಜನ ನಾಲ್ಕಾದೆವೆಂದು
ಕ್ಯಾಲ್ಕುಲೇಟರ್ ಹಿಡಿದ ನನ್ನ ಗಂಡ ಖುಷಿಯಲ್ಲಿದ್ದಾನೆ.

ಯೂಷಾನ್‌ಗೆ ಗೋದಾಮುಗಳು ಬೇಕು. ಹಿಂದೆ
ಸಕ್ಕರೆ ಮೂಟೆ ಒಟ್ಟುತ್ತಿದ್ದ ಕಡೆ ಈಗ
ಗೋಡೆ ತುಂಬ ಚಿತ್ರ, ಅಂಗಳದಲ್ಲಿ
ತುಕ್ಕು ಕಬ್ಬಿಣದ ದೈತ್ಯ ಬೊಂಬೆಗಳು.
(“ತುಕ್ಕು ನೋಡಲು ರೈಲು ಹತ್ತಬೇಕೇ?” ಅತ್ತೆ, ಬೀಜಕ್ಕೆ ಹೇಳಿದಂತೆ.)
ಪಿನ್‌ರುಯಿಗೆ ಹುಲ್ಲಿನ ಮೇಲೆ ಓಡುವ ಟ್ರಾಮು,
ಇಡೀ ಊರು ಒಂದು ಸುತ್ತು, ಮತ್ತೊಂದು ಸುತ್ತು.
ನನಗೇನು ಬೇಕೆಂದು ಯಾರೂ ಕೇಳಿಲ್ಲ.
ಕಾಗದದ ಕಾರ್ಖಾನೆಯಲ್ಲಿ ದಿನವಿಡೀ
ಒದ್ದೆ ಹಾಳೆ ಎತ್ತುವ ಕೈ ಇದು;
ನಾಲ್ಕು ಹಗಲು ಒಣಗಿದ್ದರೆ ಸಾಕು.

“ನದಿಯಲ್ಲಿ ದೋಣಿ ಇದೆಯಂತೆ, ರಾತ್ರಿ ದೀಪವಂತೆ.”
ಅತ್ತೆ ಈಗ ತಲೆ ಎತ್ತಿದರು.
“ಆ ನದಿಯಲ್ಲೇ?
ಮೂಗು ಹಿಡಿದು ಸೇತುವೆ ದಾಟುತ್ತಿದ್ದೆವು.
ಅದರೊಳಗೆ ಬಿದ್ದವನನ್ನು ಮೂರು ಸಲ ತೊಳೆದರೂ
ಹೆಂಡತಿ ಹೊಸಿಲು ದಾಟಿಸುತ್ತಿರಲಿಲ್ಲ.”
ನಾವು ನಕ್ಕೆವು. ಅವರು ನಗಲಿಲ್ಲ.

ಮತ್ತೆ ಹೋಟೆಲಿನ ಮಾತು. ಹದಿನಾಲ್ಕನೇ ಮಹಡಿ,
ಕಡಲ ಕಡೆ ಕಿಟಕಿ ಬೇಕಾದರೆ ರಾತ್ರಿಗೆ ಎಂಟುನೂರು ಹೆಚ್ಚು.
“ಎಲ್ಲಿ, ತೋರಿಸು.”
ಮೊಮ್ಮಗ ತೋರಿಸಿದ. ಅತ್ತೆ ಬಾಯಿಂದ
ಸಿಪ್ಪೆ ತೆಗೆದು ಹೋಟೆಲಿನ ಮೇಲಿಟ್ಟರು.
“ಇಲ್ಲೇ ಎಲ್ಲೋ ನಿಮ್ಮಜ್ಜ ಹಡಗು ಒಡೆಯುತ್ತಿದ್ದರು.”

ಲೋಕದ ಮುದಿ ಹಡಗುಗಳೆಲ್ಲ
ಸಾಯಲಿಕ್ಕೆ ಆ ದಕ್ಕೆಗೇ ಬರುತ್ತಿದ್ದವಂತೆ.
ಗಂಡಸರು ಬೆಂಕಿಯಲ್ಲಿ ಕೊಯ್ಯುವುದು,
ಹೆಂಗಸರು ತಂತಿ ಸುಟ್ಟು ತಾಮ್ರ ಹೆಕ್ಕುವುದು.
“ಹಡಗಿನ ಹೆಸರು ಓದಲು ಬರುತ್ತಿರಲಿಲ್ಲ.
ಅಡುಗೆಕೋಣೆ ಮೂಸಿದರೆ ಮಾತ್ರ
ಏನು ತಿನ್ನುವ ಜನ ಎಂದು ತಿಳಿಯುತ್ತಿತ್ತು.”
ಅಜ್ಜನಿಗೆ ಮೊದಲು ಕಿವಿ ಹೋಯಿತು. ಆಮೇಲೆ ಉಸಿರು.
ಗಾಳಿ ಒಳ್ಳೆಯದೆಂದು ಬೆಟ್ಟಕ್ಕೆ ಬಂದರು.

ಹೇಳುತ್ತ ಮೊಣಕೈ ಎತ್ತಿದ್ದರು. ನಕ್ಷೆಯ ಮೂಲೆ
ಸುರುಳಿ ಸುತ್ತಿತು. ಅಡಿಯಲ್ಲಿ ಮೇಜಿನ ಮೂರು ತೂತು.
ಹದಿನಾರು ವರ್ಷ ಇದರ ಮೇಲೆ ಉಂಡಿದ್ದೇನೆ,
ತೂತಿಗೆ ಹೊಕ್ಕ ಅನ್ನದಗುಳನ್ನು
ಹಲ್ಲುಕಡ್ಡಿಯಿಂದ ಕೆದಕಿ ತೆಗೆದಿದ್ದೇನೆ,
ಗೆದ್ದಲ ಕೆಲಸ ಎಂದುಕೊಂಡಿದ್ದೆ.
“ಕೀಲು ಇದ್ದ ಜಾಗ. ಬಾಗಿಲು ಇದು.
ಎರಡು ವಾರದ ಕೂಲಿಯ ಬದಲು ಕೊಟ್ಟದ್ದು.”
“ಕ್ಯಾಪ್ಟನ್ ಕೋಣೆಯದೇ?” ಗಂಡನ ಕಣ್ಣರಳಿತು.
“ಕಕ್ಕಸಿನದೂ ಇರಬಹುದು. ತೇಗ ಒಳ್ಳೆಯದಿತ್ತು.”

ಅವನು ಕ್ಯಾಲ್ಕುಲೇಟರಿನಲ್ಲಿ ಸುಮ್ಮನೆ
ಯಾವುದೋ ಅಂಕೆ ಒತ್ತಿದ, ಅಳಿಸಿದ.

“ಬರುತ್ತೇನೆ,” ಎಂದರು ಅತ್ತೆ. “ಕಡಲ ಕಿಟಕಿ ಬೇಡ.
ಬಿಟ್ಟಿಯಾಗಿ ಬೇಕಾದಷ್ಟು ನೋಡಿದ್ದೇನೆ.
ಆ ಎಂಟುನೂರರಲ್ಲಿ ಟೊಮೆಟೊ ತಿನ್ನೋಣ,
ಶುಂಠಿ ಅರೆದ ಸೋಯಾದಲ್ಲಿ ಅದ್ದಿ.
ಅದನ್ನು ಕೊಯ್ಯಲು ಇಲ್ಲಿ ಯಾರಿಗೂ ಬರುವುದಿಲ್ಲ.”
ಅದು ನನಗೆ ಹೇಳಿದ್ದು.

ಪಿನ್‌ರುಯಿ ಅಷ್ಟರಲ್ಲಿ ಮೇಜಿನಡಿ ನುಸುಳಿದ್ದ,
ಇದು ಒಳಗೆ ತೆರೆಯುತ್ತಿತ್ತೋ ಹೊರಗೋ
ಪತ್ತೆ ಮಾಡಬೇಕಂತೆ.
“ಟಿಕೆಟ್ ಒತ್ತಿಬಿಡಲೇ?” ಗಂಡ ಕೇಳಿದ.
ಒತ್ತು ಎನ್ನುವಷ್ಟರಲ್ಲಿ
ಕೆಳಗಿನಿಂದ ಟಕ್, ಟಕ್.

ಸೋಯಾ ಶೀಶೆ ಸಣ್ಣಗೆ ನಡುಗಿತು.
ಬಾಯಿಗೆ ಹೊರಟ ಬೀಜ ಕೈಯಲ್ಲೇ ನಿಂತು
ಅತ್ತೆ, ನಮ್ಮ ಯಾರನ್ನೂ ನೋಡದೆ,
“ಯಾರು?” ಎಂದರು.