ಬಾಬಿನ್ ಲೆಕ್ಕ

ಅಕ್ಕನ ಮಗಳು ದಾಕ್ಷಾಯಿಣಿ ಒಂದು ಡೈರಿ ಕೊಟ್ಟಾಳ.
ಹುಬ್ಬಳ್ಳ್ಯಾಗ ಬ್ಯಾಂಕಿನ್ಯಾಗಿರಾಕಿ.
ಪುಟಕ್ಕ ಹದಿನೈದು ಮನಿ, ಮನಿಗೊಂದು ತಾಸು.
"ಬರಕೊಂಡು ಮಾಡು ಚಿಗವ್ವ,
ಕೆಲಸ ತಾನ ಪಾಳಿ ಹಚ್ಚತಾವ."

ಬರಕೊಂಡೆ.
ಆರಕ್ಕ ಕಸ, ಏಳಕ್ಕ ರೊಟ್ಟಿ,
ಒಂಬತ್ತಕ್ಕ ಅಸುಂಡಿ ಟೀಚರ ಜಂಪರ,
ಹನ್ನೊಂದಕ್ಕ ಮೌಲಾಬಿ ಮಗಳ ಕಮೀಜಿನ ಕೊಳ್ಳು.

ಒಂಬತ್ತೂ ಹತ್ತಾಗಿರಬೇಕು, ಓಣಿ ಒದರಿತು:
ನಳಾ ಬಂತು!
ಹನ್ನೆರಡು ದಿನಕ್ಕೊಮ್ಮೆ ಬರೂ ನೀರಿಗೆ
ಡೈರಿ ಓದಾಕ ಬರಂಗಿಲ್ಲ.
ಕೊಡ, ಬಕೀಟು, ಹಂಡೆ, ಪಾತೇಲಿ, ಕಡೀಕ ಚರಗಿ,
ಬೆಟಗೇರಿಯ ಬಾಯಿ ಎಲ್ಲಾ ತುಂಬಿದ ಮ್ಯಾಲೆ
ಹೊಳ್ಳಿ ನೋಡಿದ್ರ ಟೀಚರ ಬಾಗಿಲದಾಗ.
ಒಂದ ತೋಳಿನ ಜಂಪರ ನೋಡಿದ್ರು, ನನ್ನ ನೋಡಿದ್ರು.
"ನಾಳೆ ಅಂದಿದ್ದಿ," ಅಂದ್ರು, "ಮೊನ್ನೆ."

ಮೂರು ವಾರ ಹಿಂಗ.
ಬರದದ್ದು ಹೊಡದು, ಹೊಡದದ್ದರ ಮ್ಯಾಲೆ ಮತ್ತ ಬರದು,
ಸಂಜೀಕ ಆ ಪುಟದ ಮುಂದ
ಲೆಕ್ಕ ತಪ್ಪಿದ ಸಾಲಿ ಹುಡುಗಿ ಹಂಗ ಕುಂದರತಿದ್ದೆ.

ಒಂದಿನ ರಾತ್ರಿ ಕೈ ತಾನ ಲೆಕ್ಕಾ ಹಾಕಿತು.
ಹೊಲಿಯಾಕ ಹೋದ ಹೊತ್ತು ಕಮ್ಮಿ.
ಕೆಂಪು ಬಿಚ್ಚಿ ಹಸರು, ಹಸರು ಬಿಚ್ಚಿ ಮತ್ತ ಕೆಂಪು,
ಸೂಜಿಗಣ್ಣಿನ ಮುಂದ ನನ್ನ ಕಣ್ಣು,
ಅಲ್ಲೇ ಸೋರಿತ್ತು ನನ್ನ ದಿನ.

ಮರುದಿನ ತಂತಿ ಮ್ಯಾಲಿನ ಅರಿವಿ ಎಲ್ಲಾ ಇಳಿಸಿ
ಬಣ್ಣದ ಪಾಳಿ ಹಚ್ಚಿದೆ.
ಸೋಮವಾರ ಕೆಂಪು. ಯಾರದರ ಇರಲಿ.
ಗೌಡರ ಸೊಸಿದೂ ನಿಂಗವ್ವನದೂ ಒಂದ ದಾರದಾಗ.
ಮಂಗಳವಾರ ಹಸರು.
ಶನಿವಾರ ಜೋಡಿ ಸಿಗದ ಬಣ್ಣಕ್ಕ,
ತಂತಿ ತುದಿಗೆ ಒಂದ ಒಂದು ಜೋತಾಡೂ
ಅರಿಷಿಣ, ನವಲಗರಿ, ಹೆಸರಿಲ್ಲದ ಒಂದು ಬೂದಿ.
ಜಗಳಾ ಆದವು. ಇಲ್ಲ ಅನ್ನಂಗಿಲ್ಲ.
"ನಂದು ಮೊದಲು ಕೊಟ್ಟಿದ್ದೆ" ಅಂದಾಕಿಗೆ
"ನಿಂದು ಬುಧವಾರದ ಬಣ್ಣ" ಅಂತ ಹೇಳಾಕ
ಎದಿ ಗಟ್ಟಿ ಬೇಕು.

ಮತ್ತ ತಾಸಂದ್ರೇನು?
ಒಂದು ಬಾಬಿನ್ ತುಂಬಿದ್ದು ತೀರೂತನ.
ತೀರಿತಂದ್ರ ಪೆಡಲ್ ಬಿಟ್ಟು ಏಳೂದು,
ಕಟ್ಟಿಗೆ ಬೆನ್ನು ಹಚ್ಚಿ ಅರ್ಧ ಕಪ್ಪು ಚಹಾ.
ಎದುರುಮನಿ ಪರಸಪ್ಪ ಮಗ್ಗದಾಗಿಂದ ನಕ್ಕ:
"ನಾವೂ ಹಂಗ ಬೇ. ಲಾಳ್ಯಾಗ ಕಂಡಿಕಿ ತೀರಿದಾಗ
ಎಲಿ ಅಡಿಕಿ."
ನಲವತ್ತು ವರ್ಷ ಆ ಖಟ್ ಖಟ್ ಕೇಳೀನಿ,
ನಡುವಿನ ಸುಮ್ಮನ ಈಗ ಕೇಳಿಸಿತು.

ನೀರು ಬಂದ್ರ? ಬರಲಿ.
ದಾರ ಎಲ್ಲಿತ್ತು ಅಲ್ಲೇ ಇರತೈತಿ.

ದಾಕ್ಷಾಯಿಣಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ಲು.
"ನನ್ನ ಕೆಲಸಕ್ಕ ಬಣ್ಣ ಇಲ್ಲ ಚಿಗವ್ವ."
ಅಕಿ ಡೈರಿ ಅಕಿಗೆ ಕೂಡತೈತಿ, ಕೂಡಲಿ.

ನಂದನ್ನ ಒಗದಿಲ್ಲ.
ಮನಿಗೊಂದು ತಾಸಿನ ಆ ಮನ್ಯಾಗ ಈಗ
ಎದಿ, ಸೊಂಟ, ಬೆನ್ನು ಬರೀತೀನಿ.
ಮುಂಜಾನಿ ಒಂಬತ್ತರ ಮನ್ಯಾಗ
ಅಸುಂಡಿ ಟೀಚರ ತೋಳು:
ಒಂಬತ್ತೂವರಿ.