ತೆಗೆದಿಟ್ಟ ಅಂಗುಳ

ಪೆನೀಶ್ ಬಂದರಿನ ಆಸ್ಪತ್ರೆ. ರಾತ್ರಿ ಪಾಳಿ ನನ್ನದು.
ಎರಡೂಕಾಲಿಗೆ ಪರದೆಗೆ ಬಂತು ಒಂದು ತಲೆ:
ಅಡೆಲೀನು ಕ್ವರೆಜ್ಮ, ಅರವತ್ತೊಂಬತ್ತು,
ಮೀನು ಹರಾಜು ಕೂಗುವವರು.
ಜ್ವರ. ಎಡಗೆನ್ನೆ ನೋವು.
‘ಹಿಂದಿನ ಶಸ್ತ್ರಚಿಕಿತ್ಸೆ’ ಎಂಬ ಖಾನೆಯಲ್ಲಿ
ಯಾರೋ ಅಡ್ಡಗೆರೆ ಎಳೆದು ಕಾಫಿಗೆ ಹೋಗಿದ್ದರು.

ತಲೆಯನ್ನು ಹಾಳೆ ಹಾಳೆಯಾಗಿ
ಮೇಲಿಂದ ಕೆಳಕ್ಕೆ ತಿರುವುವುದು ನನ್ನ ಕಸುಬು.
ಹಣೆ, ಸರಿ. ಕಣ್ಣುಗುಡ್ಡೆ ಎರಡು, ಸರಿ.
ಬಲಗೆನ್ನೆಯ ಎಲುಬಿನ ಗೂಡು ಇದೆ,
ಎಡದ್ದು ಇಲ್ಲ.
ಬಾಯಿಗೆ ಅಂಗುಳ, ಮೂಗಿಗೆ ಅಂಗಳ
ಆಗಿದ್ದ ಚಪ್ಪಡಿ
ಅರ್ಧಕ್ಕೇ ಮುಗಿದಿದೆ.
ಅಲ್ಲಿ ಕೂತಿದೆ ಒಂದು ಉಂಡೆ:
ಮಾಂಸಕ್ಕಿಂತ ಒಂದೆಳೆ ಬಿಳುಪಾದ ತೆಳು ಸಿಪ್ಪೆ,
ಒಳಗೆ ಬರೀ ಕಪ್ಪು.
ಇನ್ನೂ ಕೆಳಗಿಳಿದರೆ ಹಲ್ಲಿನ ಹತ್ತಿರ
ಲೋಹ ಸಿಡಿದು
ಹಾಳೆಯ ಉದ್ದಗಲಕ್ಕೂ ಬಿಳಿ ಗೀರು.

‘ಗಾಳಿ ತುಂಬಿದ ಕುಳಿ. ಕೀವುಗಡ್ಡೆ ಇರಬಹುದು.
ಹಳೆಯ ರೋಗ ಮರಳಿರಬಹುದು’ ಎಂದು ಬರೆದೆ.
ಇರಬಹುದು ಎಂಬುದು ನಮ್ಮ ಕಸುಬಿನ ಉಪ್ಪು,
ಯಾವ ಅಡುಗೆಗೂ ಒಂದು ಚಿಟಿಕೆ.

ಬರೆದೆ, ಕಳಿಸಲಿಲ್ಲ.
ರೋಗಕ್ಕೆ ಇಷ್ಟು ನುಣುಪು ಗೊತ್ತಿಲ್ಲ,
ದೇಹಕ್ಕಂತೂ ಮೊದಲೇ ಇಲ್ಲ.
ಈ ಅಂಚನ್ನು ಯಾರೋ
ಹೆಬ್ಬೆರಳಿನಿಂದ ತಿಕ್ಕಿದ್ದಾರೆ.

ಕೆಳಗೆ ಹೋದೆ. ಯಂತ್ರದ ಇಲೀದಿಯು ಕೈಚೆಲ್ಲಿದ:
‘ಕೇಳಿದೆ ಡಾಕ್ಟರ್, ಕನ್ನಡಕ, ಸರ, ಕಟ್ಟಿಸಿದ ಹಲ್ಲು,
ತೆಗೆಯುವಂಥದ್ದು ಏನಾದರೂ ಇದೆಯೇ ಅಂತ.
ಏನೂ ಇಲ್ಲ ಅಂದರು.’
ಮುದುಕರು ಮಂಚದ ಮೇಲಿಂದ ಸಿಟ್ಟಾದರು:
‘ಹಾಕಿಕೊಂಡದ್ದು ಅಂದರೆ ಟೋಪಿ.
ಇದು ನನ್ನ ಬಾಯಿ.’

ಆಮೇಲೆ ಗೋಡೆಗೆ ತಿರುಗಿ, ಎರಡು ಬೆರಳು ಹಾಕಿ
ಬಾಯಿಯನ್ನು ಹೊರಗೆ ತೆಗೆದು
ಲೋಟದ ನೀರಿಗೆ ಬಿಟ್ಟರು.
ಗುಲಾಬಿ ಬಣ್ಣ, ಮೂರು ಹಲ್ಲು, ಎರಡು ಕೊಕ್ಕೆ,
ಮೇಲೊಂದು ಬುರುಡೆ.
ಅದು ಮುಳುಗಲಿಲ್ಲ.

ಮತ್ತೆ ಮಾತಾಡಿದರು, ಮಾತು ಮೂಗಿಗೆ ಸೋರಿತು.
ನಮ್ಮಲ್ಲಿ ರೊಟ್ಟಿ ಅಂದರೆ ಪಾಂವ್, ಕೈ ಅಂದರೆ ಮಾಂವ್.
ಆಪರೇಷನ್ ಆದ ವರ್ಷ ಬೇಕರಿಯಲ್ಲಿ
ದಿನಾ ಒಂದು ಕೈ ಕೇಳುತ್ತಿದ್ದರಂತೆ.
ಅಂಗಡಿಯವಳು ನಗದೆ
ರೊಟ್ಟಿ ಕೊಡುತ್ತಿದ್ದಳಂತೆ.
ಅದೇ ಅವಮಾನ, ಅಂದರು. ಅವಳು ನಗದೇ ಇದ್ದದ್ದು.

ಬಾಯಿ ಮಾಡಿಕೊಟ್ಟವಳು ಫೆಲಿಸ್ಮೀನ,
ಕಾಲ್ದಶ್ ಊರಿನಲ್ಲಿ, ಗಡಿಯಾರದಂಗಡಿಯ ಮಾಳಿಗೆಯಲ್ಲಿ.
ಮೊದಲು ಮಾಡಿದ್ದು ಗಟ್ಟಿ ಉಂಡೆ.
ತೂಕಕ್ಕೆ ಜಾರಿ ಸಾರಿನ ತಟ್ಟೆಗೆ ಬಿತ್ತು.
ಎರಡನೆಯದನ್ನು ಟೊಳ್ಳು ಮಾಡಿ
ಮುಚ್ಚಳ ಅಂಟಿಸಿದಳು.

ನಾನು ಕೀವು ಎಂದು ಬರೆದ ಕಪ್ಪು
ಐದು ವರ್ಷದ ಹಿಂದಿನ ಒಂದು ಮಧ್ಯಾಹ್ನದ ಗಾಳಿ.
ಮೇಣ, ಅಂಟು, ಬಹುಶಃ ಅವಳ ಸಿಗರೇಟು.
ಅದನ್ನು ಯಾರೂ ಇನ್ನೂ ಉಸಿರಾಡಿಲ್ಲ.

ಮತ್ತೆ ಮಲಗಿಸಿದೆವು. ಈ ಸಲ ಗೀರಿಲ್ಲ,
ಉಂಡೆಯಿಲ್ಲ, ರೋಗವೂ ಇಲ್ಲ.
ಗುಡಿಸಿಟ್ಟ ಖಾಲಿ ಕೋಣೆ.
ಆದರೆ ಕೊಕ್ಕೆಯ ಬೆಳಕಲ್ಲಿ ಅಡಗಿದ್ದ ಹಲ್ಲೊಂದು
ಈಗ ಕಂಡಿತು, ಎಡಗಡೆ ಉಳಿದ ಒಂದೇ ಒಂದು,
ಬೇರಿನ ಸುತ್ತ ಕಪ್ಪು ಉಂಗುರ.
ಜ್ವರ ಅಲ್ಲಿಂದ.
ಕೀಳಬೇಕು.
ಕಿತ್ತರೆ ಕೊಕ್ಕೆ ಏನನ್ನು ಹಿಡಿದುಕೊಳ್ಳಬೇಕು?
ವರದಿಯಲ್ಲಿ ಅದಕ್ಕೆ ಖಾನೆಯಿಲ್ಲ.

ಹೇಳಿದೆ. ಅವರು ಬಾಯಿಯನ್ನು ಒದರಿ ಒಳಗಿಟ್ಟು
ನಾಲಿಗೆಯಿಂದ ಒತ್ತಿ, ಟಕ್ ಅನ್ನಿಸಿ,
ನಲವತ್ತು, ಮೂವತ್ತೊಂಬತ್ತು, ಮೂವತ್ತೆಂಟು
ಎಂದು ಶುರು ಮಾಡಿದರು.
ಈ ಕಡಲಂಚಿನ ಹರಾಜಿನಲ್ಲಿ ಬೆಲೆ ಏರುವುದಿಲ್ಲ, ಇಳಿಯುತ್ತದೆ.
ಕೊಳ್ಳುವವ ಷೂಯ್ ಎಂದಾಗ ನಿಲ್ಲಬೇಕು.

ಇಪ್ಪತ್ತೊಂದರ ತನಕ ಒಂದಕ್ಷರ ಸೋರಲಿಲ್ಲ.
ಇಲೀದಿಯು ಬಾಗಿಲಲ್ಲಿ ನಿಂತಿದ್ದ, ನಾನೂ ನಿಂತಿದ್ದೆ.
ಇಪ್ಪತ್ತು. ಹತ್ತೊಂಬತ್ತು.
ನಮ್ಮಿಬ್ಬರಲ್ಲಿ ಯಾರು ಹೇಳಬೇಕೋ
ಗೊತ್ತಾಗಲಿಲ್ಲ.